ತೊಟ್ಟಿಗೆ ಇಳಿಯುವ ಮುಂಚೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದೆ, ಕೊಳೆನೀರಿನ ತೊಟ್ಟಿಯ ತಳದ ಪಂಪು ಮತ್ತೆ ಕಟ್ಟಿಕೊಂಡಿತ್ತು. ಬಣ್ಣದ ನೀರು ಇನ್ನೇನು ಉಕ್ಕಿ ಬೀದಿ ಚರಂಡಿಗೆ ಹರಿಯುವುದರಲ್ಲಿತ್ತು. ಫಿಟ್ಟರ್ ಸ್ಪ್ಯಾನರ್ ಹಿಡಿದು ಹೊರಟೇಬಿಟ್ಟ.

"ನಿಂತ್ಕೊಳ್ಳಿ ಭಾವ! ಗಾಳಿ ಪರೀಕ್ಷೆ ಆಗಿಲ್ಲ, ಇಳಿಯೋ ಅನುಮತಿ ಚೀಟಿ ಬರೆದಿಲ್ಲ. ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?"

ಕೂಗಿದವಳು ಅವನ ಹೆಂಡತಿಯ ತಂಗಿ. ಕಾರ್ಖಾನೆಯ ಸುರಕ್ಷತೆ ನೋಡಿಕೊಳ್ಳುವುದು ಅವಳ ಕೆಲಸ. ಅಲ್ಲಿ ಎಲ್ಲರಿಗೂ ಅವಳು 'ಚೀಟಿ ಮೇಡಂ'.

"ಹದಿನೈದು ವರ್ಷದಿಂದ ಇಳೀತಿದ್ದೀನಿ. ಉಸಿರಾಡೋಕೂ ಚೀಟಿ ಬೇಕೇನಮ್ಮ?"

"ಬೇಕು!" ಅವಳು ಅವನ ಮೈಗೆ ಬೆಲ್ಟು ಬಿಗಿದು, ಹಗ್ಗವನ್ನು ತೊಟ್ಟಿಯ ಮೇಲಿನ, ಹಿಡಿಕೆ ತಿರುಗಿಸುವ ರಾಟೆಗೆ ಕಟ್ಟಿದಳು. "ಗಾಳಿ ಅಳೆಯೋ ಮೀಟರ್ ತರ್ತೀನಿ. ಐದೇ ನಿಮಿಷ. ಅಲ್ಲಾಡಬೇಡಿ."

ಅವಳು ಬೆನ್ನು ತಿರುಗಿಸಿದ್ದೇ ತಡ, ಫಿಟ್ಟರ್ ಏಣಿ ಇಳಿದ.

ಅವಳು ಮೀಟರ್ ಹಿಡಿದು ಬಂದರೆ, ಪಂಪಿನ ಕರೆಂಟ್ ತೆಗೆಯಲು ಬಂದು ಮೇಲೆ ನಿಂತಿದ್ದ ಎಲೆಕ್ಟ್ರಿಷಿಯನ್ ಚೀರುತ್ತಿದ್ದ. "ಬಿದ್ದುಬಿಟ್ರು ಮೇಡಂ! ಮಾತೇ ಇಲ್ಲ!" ಅವನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು. ಅವಳು ಅಂಗಿ ಹಿಡಿದು ಹಿಂದಕ್ಕೆಳೆದಳು.

"ನೀನೂ ಇಳಿದ್ರೆ ಎರಡು ಹೆಣ ಎತ್ತಬೇಕಾಗುತ್ತೆ! ರಾಟೆ ತಿರುಗಿಸು!"

ಇಬ್ಬರೂ ತಿರುಗಿಸಿದರು. ಮೇಲೆ ಬಂದ ಫಿಟ್ಟರನ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಅವನು ಬಾಯಿ ಬಿಟ್ಟಿದ್ದು ಮೂರನೇ ದಿನ. "ಇಳೀತಿದ್ದ ಹಾಗೆ ಕೆಟ್ಟ ವಾಸನೆ ನಿಂತೇಹೋಯ್ತು. ಗಾಳಿ ಚೆನ್ನಾಗಿದೆ ಅಂದ್ಕೊಂಡೆ."

"ಆ ವಿಷಗಾಳಿ ಮೊದಲು ಮೂಗನ್ನೇ ಸಾಯಿಸುತ್ತೆ ಭಾವ. ಅದಕ್ಕೇ ಮೀಟರ್ ಇರೋದು," ಎಂದಳು ನಾದಿನಿ.

ಹೆಂಡತಿ ಸಿಡುಕಿದಳು. "ಐದು ನಿಮಿಷ ಕಾಯೋಕಾಗ್ಲಿಲ್ಲ ನಿಮಗೆ. ನಾವು ಮೂರು ದಿನದಿಂದ ಈ ಬೆಂಚಿನ ಮೇಲೆ ಕಾಯ್ತಿದ್ದೀವಿ!"

ಅವನು ತಲೆ ತಗ್ಗಿಸಿದ. "ಪಂಪಿಗೆ ಸರಪಳಿ ಹಾಕಿದ್ರೆ ಮೇಲಿಂದಲೇ ಎತ್ತಬಹುದು. ಯಾರೂ ಇಳಿಯೋದೇ ಬೇಡ," ಎಂದ.

"ಅಯ್ಯೋ ಭಾವ, ಅದನ್ನೇ ಎರಡು ವರ್ಷದಿಂದ ಮಾಲೀಕರಿಗೆ ಬರೆದು ಬರೆದು ಕೊಡ್ತಿದ್ದೀನಿ!"

ಅವನು ಚೇತರಿಸಿಕೊಂಡ ಮೇಲೆ ಇಬ್ಬರೂ ಮಾಲೀಕರ ಮುಂದೆ ಹೋಗಿ ನಿಂತರು. ಸರಪಳಿ ಬರುವವರೆಗೂ ಫಿಟ್ಟರ್ ಕದಲಲಿಲ್ಲ.

ನಿಮ್ಮ ಕೆಲಸದ ಜಾಗದಲ್ಲೂ ಇಂಥ ತೊಟ್ಟಿ, ಗುಂಡಿ ಇದ್ದೀತು. ಗಾಳಿ ಅಳೆಯದೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ; ಹೊರಗಿನಿಂದಲೇ ಎಳೆಯಿರಿ, ಸಹಾಯಕ್ಕೆ ಕೂಗಿ. ತಡವಾಯಿತೆಂದು ಬೈಯುವವರು ಬೈಯಲಿ. ಬೈಸಿಕೊಳ್ಳುವುದಕ್ಕಾದರೂ ನೀವಿರಬೇಕಲ್ಲ!