ಗೋಡೆಯ ಮೇಲಿನ ಆರು ಸಾಲು

"ಟ, ನ, ರ, ಲ," ಎಂದು ಅಣ್ಣ ಓದಿದ. ಗೋಡೆಯ ಹಾಳೆಯ ಮೂರನೇ ಸಾಲಿನಲ್ಲಿ ಇದ್ದದ್ದು ಗ, ಪ, ಡ, ಮ.

ತಮ್ಮ ಕೋಲನ್ನು ಅಲ್ಲೇ ಹಿಡಿದು ನಿಂತ. ಓದಿದ ಧಾಟಿಯಲ್ಲಿ ಕುಂದೇನೂ ಇರಲಿಲ್ಲ. ಎಡಗಣ್ಣನ್ನು ಅಡುಗೆಮನೆಯ ಸೌಟಿನಿಂದ ಮುಚ್ಚಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಅಣ್ಣ ಹಾಜರಿ ಕೂಗುವ ಮೇಷ್ಟರ ಗತ್ತಿನಲ್ಲಿದ್ದ. ಕೋಲು ಕೆಳಗಿಳಿಯುವ ಮೊದಲೇ ನಾಲ್ಕನೇ ಸಾಲನ್ನೂ ಒಪ್ಪಿಸಿಬಿಟ್ಟ. "ದ, ಸ, ವ, ಕ, ಯ. ಆಯ್ತಾ? ಇನ್ನೊಂದು ಕಣ್ಣೂ ಬೇಕಾ?"

"ಬೇಕು."

ಸೌಟು ಬಲಗಣ್ಣಿಗೆ ಹೋಯಿತು. ಅವೇ ಅಕ್ಷರ, ಅದೇ ಗತ್ತು.

ತಮ್ಮನದು ಕನ್ನಡಕದ ಅಂಗಡಿ. ಪ್ರತಿ ಬೇಸಿಗೆ ಹನ್ನೆರಡು ದಿನ ಅದಕ್ಕೆ ಬೀಗ ಹಾಕಿ, ಹೆಂಡತಿಯನ್ನೂ ಮಸೂರಗಳ ಪೆಟ್ಟಿಗೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ನೆಂಟರ ಆರು ಮನೆ ಸುತ್ತುತ್ತಿದ್ದ. ಪ್ರೀತಿಗೆ ಬರುತ್ತಾನೆ ಎಂದು ನೆಂಟರು ಹೇಳಿಕೊಳ್ಳುತ್ತಿದ್ದರು. ಕಾರು ನಿಂತ ಕೂಡಲೇ ಅವರ ಕಣ್ಣು ಹುಡುಕುತ್ತಿದ್ದದ್ದು ಮಾತ್ರ ಪೆಟ್ಟಿಗೆಯನ್ನು. ಈ ಸಲ ಮೊದಲನೇ ಮನೆಯ ಚಿಕ್ಕಮ್ಮ ಕಡ್ಡಿ ಮುರಿದ ಮೂರು ಕನ್ನಡಕಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕಾದಿದ್ದಳು. ಎರಡನೇ ಮನೆಯ ಷಡ್ಡಕನಿಗೆ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. "ಪವರ್ ಇಲ್ದಿದ್ರೂ ನಡೆಯುತ್ತಪ್ಪ, ದಪ್ಪ ಫ್ರೇಮಿನದು ಒಂದು ಕೊಡು. ಮೀಟಿಂಗಲ್ಲಿ ನಾಲ್ಕು ಜನ ನನ್ನ ಮಾತು ಕೇಳೋ ಹಾಗಿರ್ಲಿ," ಎಂದಿದ್ದ.

ಆರು ಮನೆಗಳ ಗೋಡೆಗೂ ಹದಿನೇಳು ವರ್ಷದಿಂದ ಏರುತ್ತಿದ್ದದ್ದು ಒಂದೇ ಹಾಳೆ. ನೆಂಟರಿಗೆ ಅದು ಮಗ್ಗಿಯಷ್ಟೇ ಪರಿಚಿತ. ಮಕ್ಕಳು ರಾಗ ಹಾಕಿ ಹಾಡುತ್ತಿದ್ದರು. ಒಬ್ಬ ಸೊಸೆ ಅದನ್ನೇ ಗುನುಗಿ ಕೂಸನ್ನು ಮಲಗಿಸಿದ್ದಳು. ಅದನ್ನು ಬದಲಾಯಿಸಬೇಕೆಂದು ತಮ್ಮನಿಗೆ ಹೊಳೆದಿರಲಿಲ್ಲ. ಈಗ ಬದಲಾದದ್ದೂ ಅವನ ಬುದ್ಧಿಯಿಂದಲ್ಲ, ಬಿಸಿಲಿನಿಂದ. ದಾರಿಯುದ್ದಕ್ಕೂ ಆ ಹಾಳೆಯನ್ನು ಕಾರಿನ ಕಿಟಕಿಗೆ ಅಡ್ಡ ಹಿಡಿಯುವುದು ಹೆಂಡತಿಯ ಪ್ರತಿ ವರ್ಷದ ಅಭ್ಯಾಸ. ಷಡ್ಡಕ ದಪ್ಪ ಫ್ರೇಮು ಏರಿಸಿಕೊಂಡು, "ಕೆಳಗಡೆ ಏನೂ ಬರೆದೇ ಇಲ್ವಲ್ಲೋ," ಎಂದಾಗಲೇ ತಮ್ಮ ಹತ್ತಿರ ಹೋಗಿ ನೋಡಿದ್ದು. ಕೊನೆಯ ಎರಡು ಸಾಲು ಬಿಳಿಚಿಹೋಗಿದ್ದವು. ಹಾಗಾಗಿ ಮೂರನೇ ಮನೆಯಾದ ಅಣ್ಣನ ಮನೆಯಲ್ಲಿ, ಮಸೂರದ ಕಂಪನಿ ಕೊಟ್ಟಿದ್ದ ಹೊಸ ಹಾಳೆಯ ಸುರುಳಿ ಬಿಚ್ಚಿ ಮೊಳೆಗೆ ತಗುಲಿಸಿದ್ದ.

ಅಣ್ಣ ಶಾಲೆಯ ವ್ಯಾನು ಓಡಿಸುತ್ತಿದ್ದ. ಇಪ್ಪತ್ತೆರಡು ಮಕ್ಕಳು. ರಜೆ ಮುಗಿಯುವ ಮೊದಲು ದೃಷ್ಟಿ ಸರಿಯಿದೆಯೆಂಬ ಕಾಗದವನ್ನು ಶಾಲೆಗೆ ಕೊಡಬೇಕಿತ್ತು, ಆರು ವರ್ಷದಿಂದ ಅದಕ್ಕೆ ಬೀಳುತ್ತಿದ್ದದ್ದು ತಮ್ಮನ ಸೀಲು. ಈ ಸಲವೂ ಅತ್ತಿಗೆ ಕಾಗದವನ್ನು ಮೇಜಿನ ಮೇಲೆ ಹಾಸಿ, ಶಾಯಿಯ ಪ್ಯಾಡಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಳು.

"ಅಣ್ಣ," ಎಂದ ತಮ್ಮ. "ಇದು ಹೊಸ ಹಾಳೆ."

ಸೌಟು ನಿಧಾನವಾಗಿ ಮಡಿಲಿಗಿಳಿಯಿತು. ಚಹಾದ ಲೋಟ ಹಿಡಿದಿದ್ದ ತಮ್ಮನ ಹೆಂಡತಿ ಲೋಟದೊಳಗೆ ನೋಡತೊಡಗಿದಳು. ಮೊದಲು ಚೇತರಿಸಿಕೊಂಡವಳು ಅತ್ತಿಗೆ.

"ಹಳೇದು ಎಲ್ಲಿ?"

"ಕಾರಲ್ಲಿದೆ."

"ಮತ್ತೆ ಅದನ್ನೇ ಹಾಕು. ಇದ್ದದ್ದನ್ನ ಬಿಟ್ಟು ಹೊಸದೇನಕ್ಕೆ?"

"ಅತ್ತಿಗೆ, ಹಾಳೆ ಯಾವುದಾದ್ರೂ ಕಾಣ್ಬೇಕಲ್ವಾ?" ಅಣ್ಣನ ಕಡೆ ತಿರುಗಿದ. "ನೋಡಿ ಓದು. ಬಾಯಿಪಾಠ ಬೇಡ."

ಮೊದಲೆರಡು ಸಾಲು ಓದಿಸಿದರೆ ದೊಡ್ಡವರಿಗೆ ಅವಮಾನವೆಂದು ತಮ್ಮ ಯಾವಾಗಲೂ ಮೂರರಿಂದಲೇ ಶುರುಮಾಡುತ್ತಿದ್ದ. ಈಗ ಅಣ್ಣ ಮೊದಲನೆಯದನ್ನು ಓದಿದ. ಎರಡನೆಯದಕ್ಕೆ ಕತ್ತು ಮುಂದೆ ಚಾಚಿ, ಒಂದು ತಪ್ಪಿ, ಒಂದು ಸರಿಮಾಡಿಕೊಂಡ. ಮೂರನೆಯದಕ್ಕೆ ಸುಮ್ಮನಾದ.

ತಮ್ಮ ಸಣ್ಣ ದೀಪ ತೆಗೆದು ಅಣ್ಣನ ಕಣ್ಣಿನೊಳಗೆ ಬಗ್ಗಿ ನೋಡಿದ. ಎರಡೂ ಕಣ್ಣು, ಎರಡೆರಡು ಸಲ.

"ಸಕ್ಕರೆ ಕಾಯಿಲೆ ಇದೆಯಾ ನಿಂಗೆ?"

"ಸ್ವಲ್ಪ."

"ಐದು ವರ್ಷ ಆಯ್ತು," ಎಂದಳು ಅತ್ತಿಗೆ. "ನೀನು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ."

"ಒಳಗೆ ರಕ್ತ ಸೋರಿದೆ ಅಣ್ಣ. ಇದು ಕನ್ನಡಕದ ಕೆಲಸ ಅಲ್ಲ. ಆಸ್ಪತ್ರೆಗೆ ಹೋಗ್ಬೇಕು, ನಾಳೆನೇ. ಉಳಿದಿರೋದನ್ನಾದ್ರೂ ಉಳಿಸ್ಕೋಬಹುದು."

"ಮುಂಚೇನೇ ಗೊತ್ತಾಗಿದ್ರೆ?" ಎಂದು ಅಣ್ಣ ಕೇಳಿದ.

ತಮ್ಮ ದೀಪದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಸರಿ ಬಿಡು," ಎಂದ ಅಣ್ಣ. "ಈ ವರ್ಷ ಒಂದು ಒತ್ತಿಬಿಡು. ಆಮೇಲೆ ಆಸ್ಪತ್ರೆ ಗೀಸ್ಪತ್ರೆ ನೋಡೋಣ. ವ್ಯಾನು ಬಿಟ್ರೆ ನಂಗೆ ಇನ್ನೇನು ಬರುತ್ತೆ ಹೇಳು?"

"ಆಗಲ್ಲ."

"ಲೋ, ರಸ್ತೆ ಮೇಲೆ ಅಕ್ಷರ ಬರೆದಿರ್ತಾರಾ? ಇಪ್ಪತ್ತು ವರ್ಷದ ದಾರಿ. ಯಾವ ಮನೆ ಮುಂದೆ ಎಷ್ಟು ಗುಂಡಿ ಇದೆ ಅಂತ ನಿದ್ದೆಯಲ್ಲೂ ಹೇಳ್ತೀನಿ."

"ಗುಂಡಿ ಇದ್ದಲ್ಲೇ ಇರುತ್ತೆ. ಮಕ್ಕಳು ಇರಲ್ಲ."

ಉತ್ತರ ಕೊಟ್ಟವಳು ಅತ್ತಿಗೆ. "ಆರು ವರ್ಷ ಸೀಲು ಹೊಡ್ದೋನು ನೀನೇ ತಾನೇ? ಆಗ ನಿನ್ನ ಕಣ್ಣಿಗೆ ಏನಾಗಿತ್ತು? ನೀನು ಓದ್ಲಿ ಅಂತ ಇವರು ಓದು ಬಿಟ್ಟು ಸ್ಟೇರಿಂಗ್ ಹಿಡಿದ್ರು. ಈಗ ಅದನ್ನೇ ಕಿತ್ಕೊಳ್ಳೋಕೆ ಬಂದಿದೀಯ, ದೊಡ್ಡ ಡಾಕ್ಟರು!"

"ಸುಮ್ನಿರೇ," ಎಂದ ಅಣ್ಣ, ಜೋರಿಲ್ಲದೆ.

ಅವಳು ಶಾಯಿಯ ಪ್ಯಾಡಿಗೆ ಮುಚ್ಚಳ ಹಾಕಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ, ಸೊಪ್ಪಿನ ಬೆಲೆ ವಿಚಾರಿಸುವಷ್ಟು ಸಹಜವಾಗಿ ಕೇಳಿದಳು: "ಪೇಟೆಯ ಕನ್ನಡಕದ ಅಂಗಡಿಗಳಲ್ಲೂ ಈಗ ಇದೇ ಹಾಳೇನಾ?"

"ಹೂಂ, ಇದೇ. ಕಂಪನಿಯವ್ರು ಎಲ್ಲರಿಗೂ ಹಂಚಿದಾರೆ," ಎಂದುಬಿಟ್ಟ ತಮ್ಮ. ವ್ಯಾಪಾರದ ವಿಷಯ ಯಾರು ಕೇಳಿದರೂ ನಿಜ ಹೇಳುವುದು ಅವನ ಅಭ್ಯಾಸ.

ಎರಡು ದಿನ ಉಳಿಯಬೇಕೆಂದು ಬಂದವರು ಊಟಕ್ಕೂ ನಿಲ್ಲದೆ ಹೊರಟರು. ಅಡುಗೆ ಆಗಿತ್ತು, ಯಾರೂ ಬಡಿಸಲಿಲ್ಲ. ಆದರೂ ಅಣ್ಣ ಬರಿಗಾಲಲ್ಲಿ ಅಂಗಳಕ್ಕೆ ಬಂದು, ಪ್ರತಿ ವರ್ಷದಂತೆ ಕಾರಿನ ಹಿಂದೆ ನಿಂತುಕೊಂಡ. ನೆಂಟರ ಗಾಡಿಯನ್ನು ಗೇಟು ದಾಟಿಸುವುದು ಆ ಮನೆಯಲ್ಲಿ ಅವನ ಹಕ್ಕು. "ಬರ್ಲಿ, ಬರ್ಲಿ," ಎಂದು ಕೈ ಬೀಸಿದ. "ಜಾಗ ಬೇಕಾದಷ್ಟಿದೆ."

ಕನ್ನಡಿಯಲ್ಲಿ ತಮ್ಮನಿಗೆ ಗೇಟಿನ ಕಂಬ ಕಾಣುತ್ತಿತ್ತು. ಒಂದು ಮೊಳ ದೂರ, ಆಮೇಲೆ ಗೇಣು. ಬ್ರೇಕಿನ ಮೇಲೆ ಕಾಲಿತ್ತು, ಒತ್ತಬಹುದಿತ್ತು. ಕನ್ನಡಿಯ ಅಂಚಿನಲ್ಲಿ ಅಣ್ಣನ ಕೈ ಇನ್ನೂ ಕರೆಯುತ್ತಲೇ ಇತ್ತು. ಹಿಂದಿನ ದೀಪದ ಗಾಜು ಚೂರಾದ ಸದ್ದು ಕೇಳಿದ ಮೇಲೆ ಅಣ್ಣ, "ಸಾಕು, ಸಾಕು," ಎಂದ.

"ಸರಿಯಿದೆ ಅಣ್ಣ," ಎಂದು ತಮ್ಮ ಕಿಟಕಿಯಿಂದ ಕೂಗಿ ಹೇಳಿದ.

ಎರಡು ಬೀದಿ ದಾಟಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಹೋದ ವರ್ಷ ವ್ಯಾನಿನ ಎಡಗಡೆ ಉದ್ದಕ್ಕೂ ಗೀರಿತ್ತು. ನಾನು ತೋರಿಸಿದ್ದೆ ನಿಮಗೆ."

"ಹೂಂ."

"ದನ ಅಡ್ಡ ಬಂದಿರ್ಬೇಕು ಅಂದ್ರಿ."

ಇನ್ನೊಂದು ಬೀದಿ ಕಳೆದ ಮೇಲೆ ಹೆಂಡತಿ ಹಿಂದಿನ ಸೀಟಿಗೆ ತಿರುಗಿ, "ಹೊಸ ಹಾಳೆ ಅಲ್ಲೇ ಉಳೀತು," ಎಂದಳು. ಮುಂದೆ ಇನ್ನೂ ಮೂರು ಮನೆ ಇದ್ದವು.

ತಮ್ಮ ಕಾರನ್ನು ಹಿಂದಕ್ಕೆ ತಿರುಗಿಸಿದ; ಅಣ್ಣನ ಬೀದಿಯ ತಿರುವಿನಲ್ಲೇ ಅದನ್ನು ನಿಲ್ಲಿಸಿ ಅವನೊಬ್ಬನೇ ನಡೆದು ಬಂದ. ಗಾಜಿನ ಕೆಂಪು ಚೂರುಗಳನ್ನು ಯಾರೋ ಗುಡಿಸಿ ಕಂಬದ ಬುಡಕ್ಕೆ ಒತ್ತರಿಸಿದ್ದರು. ತೆರೆದ ಕಿಟಕಿಯಿಂದ ಅತ್ತಿಗೆಯ ದನಿ ಬರುತ್ತಿತ್ತು, ಮಗುವಿಗೆ ಅಕ್ಷರ ತಿದ್ದಿಸುವಷ್ಟು ತಾಳ್ಮೆಯಿಂದ. "ಗ. ಪ. ಡ. ಮ."

"ಗ, ಪ, ಡ, ಮ."

"ನಾಲ್ಕನೇದು, ಶ. ಬ. ಹ—"

"ತಡಿ, ಮೂರನೇದು ಗಟ್ಟಿಯಾಗ್ಲಿ. ಗ, ಪ, ಡ, ಮ."

ತಮ್ಮ ಗೇಟಿನ ಚಿಲಕಕ್ಕೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಂಗಳದ ನೆರಳಿನಲ್ಲಿ ಹಳದಿ ವ್ಯಾನು ನಿಂತಿತ್ತು. ಅದರ ಬೆನ್ನ ಮೇಲೆ ಶಾಲೆಯ ಫೋನ್ ನಂಬರು, ಬೀದಿಯ ಆ ತುದಿಗೂ ಕಾಣುವಷ್ಟು ದಪ್ಪ ಅಂಕಿಗಳಲ್ಲಿ. ಅವನು ಹತ್ತೂ ಅಂಕಿಗಳನ್ನು ಓದಿದ. ಎರಡು ಸಲ ಓದಿ, ಬಾಯಲ್ಲೇ ಹೇಳಿಕೊಳ್ಳುತ್ತ ಕಾರಿನ ತನಕ ನಡೆದ. ಮೊಬೈಲು ಜೇಬಿನಲ್ಲೇ ಇತ್ತು.

"ಸಿಕ್ತಾ?" ಎಂದು ಹೆಂಡತಿ ಕೇಳಿದಳು.

"ಇಲ್ಲ."

ಪೇಟೆಯ ಕೊನೆಯ ವೃತ್ತದವರೆಗೆ ಅಂಕಿಗಳು ಬಾಯಲ್ಲಿದ್ದವು. ಹೆದ್ದಾರಿ ಸೇರುವಾಗ ಒಂದು ಲಾರಿಗೆ ದಾರಿ ಬಿಟ್ಟ. ಆಮೇಲೆ ನೋಡಿದರೆ ಕೊನೆಯ ಎರಡು ನೆನಪಾಗಲಿಲ್ಲ. ಅವನು ಕಾರು ನಿಲ್ಲಿಸಲಿಲ್ಲ.

ಬಿಸಿಲು ಹೆಂಡತಿಯ ಪಕ್ಕಕ್ಕೆ ಹೊರಳಿತ್ತು. ಅವಳು ಹಿಂದಿನ ಸೀಟಿನಿಂದ ಹಳೆಯ ಹಾಳೆಯನ್ನು ಎಳೆದು ಕಿಟಕಿಗೆ ಅಡ್ಡ ಹಿಡಿದಳು. ಟ, ನ, ರ, ಲ ಅವಳ ಕೆನ್ನೆಯ ಮೇಲೆ ನೆರಳಾಗಿ ಬಿದ್ದವು. ಕೆಳಗೆ, ಅಕ್ಷರ ಅಳಿಸಿಹೋದ ಕಡೆ, ಬಿಸಿಲು ಹಾಳೆಯನ್ನು ತೂರಿ ಅವಳ ಕುತ್ತಿಗೆಗೆ ಬೀಳುತ್ತಿತ್ತು. ಅವಳು ಹಾಳೆಯನ್ನು ಒಂದಿಷ್ಟು ಕೆಳಗಿಳಿಸಿ ನೋಡಿದಳು, ಆಮೇಲೆ ಮತ್ತೆ ಮೇಲೆತ್ತಿದಳು.