ಹಿತ್ತಲ ತಂಬಾಕಿನ ಮೊಗ್ಗು

ಹೊಳಬಸಪ್ಪ ಬಂಕಾಪುರದಿಂದ ಆರು ಸಸಿ ತಂದು ಹಿತ್ತಲಲ್ಲಿ ನೆಟ್ಟ ದಿನವೇ ಅವನ ಹೆಂಡತಿ ಜಯಶ್ರೀಯ ಎದೆ ಧಸಕ್ಕೆಂದಿತು. ಎಲೆ ನೋಡಿದರೆ ತಂಬಾಕು. ಮುಟ್ಟಿದರೆ ಅಂಟಂಟು, ಅದೂ ತಂಬಾಕೇ. ನಿಪ್ಪಾಣಿ ಕಡೆಯ ತಂಬಾಕಿನ ಹೊಲದಲ್ಲಿ ಆಡಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಏನ್ರಿ ಇದು?"

"ಹೂವಿನ ಗಿಡ."

"ಕಣ್ಣಿಗೆ ಮಣ್ಣ ಹಾಕಬ್ಯಾಡ್ರಿ. ತಂಬಾಕ ಐತಿ ಇದು."

"ಹೂವಿನ ತಂಬಾಕ. ಸಂಜಿಮುಂದ ಬಿಳಿ ಹೂ ಅರಳತೈತಿ, ನೋಡೀಯಂತ ತಡಿ" ಎಂದು ಅವನು ನೀರಿನ ತಂಬಿಗೆ ಎತ್ತಿಕೊಂಡ.

ಇಂಥ ಮಾತಿಗೆ ಮರುಳಾಗಲು ಅವಳೇನು ನಿನ್ನೆ ಮೊನ್ನೆ ಬಂದ ಮದುಮಗಳೇ? ಈ ಮಹಾರಾಯ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತ, ಮೂವತ್ತು ವರ್ಷ ಎಲೆಯೊಳಗೆ ತಂಬಾಕು ಮಡಚಿ ಅಗಿದವನು. ಮೂರು ವರ್ಷದ ಹಿಂದೆ ದವಡೆಯಲ್ಲಿ ಕ್ಯಾನ್ಸರ್ ಗಂಟು ಎದ್ದು, ಹುಬ್ಬಳ್ಳಿಯ ದವಾಖಾನೆಯಲ್ಲಿ ಕೊಯ್ದು ತೆಗೆದು, ಮೇಲೆ ವಿಕಿರಣದ ಕರೆಂಟು ಕೊಟ್ಟು ಕಳಿಸಿದ್ದರು. ಇನ್ನೊಮ್ಮೆ ತಂಬಾಕು ಬಾಯಿಗೆ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೇ. ಅಂದಿನಿಂದ ಅವಳು ಗಂಡನನ್ನು ಕಾಯುತ್ತಿದ್ದಳು. ಮುದಿ ಅತ್ತೆಯ ಎದುರಿಗೇ ಅವನ ಅಂಗಿಯ ಜೇಬು ಮೂಸುವುದು, ಹಾಸಿಗೆ ಕೊಡವುವುದು ಅವಳಿಗೆ ನಿತ್ಯದ ಕೆಲಸವಾಗಿತ್ತು.

ಮರುದಿನವೇ ಬಸ್ಸು ಹತ್ತಿ ಬಂಕಾಪುರಕ್ಕೆ ಹೋದಳು. ಸಸಿ ಮಾರುವ ಅಯಾಜ್ ಹೆದ್ದಾರಿಯ ಬದಿಯಲ್ಲೇ ಸಿಕ್ಕ.

"ನಿನ್ನೆ ಸವಣೂರಿಂದ ಬಂದಿದ್ರಲ್ಲ, ನಮ್ಮ ಮನಿಯವರಿಗೆ ಏನ್ ಕೊಟ್ಟಿಯಪಾ?"

"ಹೂವಿನ ತಂಬಾಕರಿ ಅಕ್ಕಾ. ಮೂರು ಸಲ ಬಂದ್ರು ಅದಕ್ಕಂತನ. ಕೆಂಪು ಹೂವಿಂದು ತೋರಿಸಿದೆ, ಗಿಡ್ಡ ಬೆಳಿತೈತಿ, ಹಗಲೆಲ್ಲ ಅರಳಿರತೈತಿ ಅಂದೆ. ಮೂಸಿ ನೋಡಿ, ವಾಸನಿನ ಇಲ್ಲ, ಬ್ಯಾಡ ಅಂದ್ರು. ಯಾವುದರದು ಘಮ ಜಾಸ್ತಿ, ಅದನ್ನ ಕೊಡು ಅಂದ್ರು. ಎತ್ತರ ಬೆಳಿಯೂ ಬಿಳೇದು ಕೊಟ್ಟೆ."

"ಎಲಿ ತಿನ್ನಾಕ ಬರತೈತೇನು?"

"ಯಾ ಅಲ್ಲಾ! ತಿನ್ನೂದಲ್ರಿ ಅದು. ನಂಜು ಐತಿ."

ಘಮ ಬೇಕಂತೆ ಘಮ! ಹೆಂಡತಿ ಮುಡಿದ ಮಲ್ಲಿಗೆಯನ್ನು ಒಂದು ದಿನವೂ ಮೂಸದವನಿಗೆ ಈಗ ಘಮ ಬೇಕಾಯಿತು. ಬಸ್ಸಿನಲ್ಲಿ ಸವಣೂರು ಬರುವವರೆಗೂ ಅವಳು ಅದನ್ನೇ ಮೆಲುಕು ಹಾಕಿದಳು.

ಗಿಡಗಳ ಆರೈಕೆಯಂತೂ ಕೇಳಬೇಡಿ. ಬೆಳಗಿನ ಎಳೆ ಬಿಸಿಲು ಬೀಳುವಂತೆ ನುಗ್ಗೆಯ ಟೊಂಗೆ ಕಡಿದ, ಮಧ್ಯಾಹ್ನ ಗೋಣಿಚೀಲ ಕಟ್ಟಿ ನೆರಳು ಮಾಡಿದ. ಎಲೆಗೆ ತಾಗದಂತೆ ಬುಡಕ್ಕಷ್ಟೇ ನೀರು. ಗಿಡ ಸೊಂಟದೆತ್ತರ ಬಂದು, ತುದಿಯಲ್ಲಿ ಉದ್ದನೆಯ ಹಸಿರು ಮೊಗ್ಗು ಕಾಣಿಸಿದವು. ಜಯಶ್ರೀಗೂ ಒಂದು ಗಳಿಗೆ ಜೀವ ನಿರಾಳವಾಯಿತು.

ಎರಡು ದಿನಕ್ಕೆ ಎರಡು ಗಿಡದ ಮೊಗ್ಗು ಮಾಯ. ಹುಳ ತಿಂದದ್ದಲ್ಲ, ಉಗುರಿನಿಂದ ಚಿವುಟಿದ್ದು. ಮರುದಿನ ಮತ್ತೆ ಎರಡು ಗಿಡದ್ದು ಹೋಯಿತು. ತವರಿನಲ್ಲಿ ಅವಳೇ ಸಾವಿರಾರು ಕುಡಿ ಮುರಿದವಳು. ತುದಿ ಮುರಿದರೆ ಸತ್ವವೆಲ್ಲ ಇಳಿದು ಎಲೆ ದಪ್ಪಗೆ, ಖಾರವಾಗಿ ಬರುತ್ತದೆ. ಎಲೆ ಬೇಕಾದವನು ಮಾತ್ರ ಮೊಗ್ಗು ಮುರಿಯುತ್ತಾನೆ.

ಸಿಕ್ಕಿಬಿದ್ದೆಯಪ್ಪಾ ಎಂದುಕೊಂಡಳು. ಅಷ್ಟರಲ್ಲಿ ಅವನೇ ಬಂದು, "ಯಾಕ ಚಿವುಟಿದಿ?" ಎಂದು ಅವಳನ್ನೇ ಕೇಳಿದ. ಎಲಾ ಇವನ!

"ನಾಟಕ ಸಾಕ್ರಿ" ಎಂದಳು.

ಮರುದಿನ ಉಂಡಾದ ಮೇಲೆ ಅವನು ಪಡಸಾಲೆಯಲ್ಲಿ ಅಡ್ಡಾದ. ನಿದ್ದೆಯ ಸೋಗು ಹಾಕಿದ್ದಾನೆ, ಈಗ ಏಳುತ್ತಾನೆ ಎಂದು ಅವಳು ಬಚ್ಚಲಗೋಡೆಯ ಹಿಂದೆ ನಿಂತಳು. ಹೆಜ್ಜೆ ಸಪ್ಪಳವಾಯಿತು. ಇಣುಕಿದರೆ ಅತ್ತೆ ಹಾಲವ್ವ! ಅವಳು ಅತ್ತೆಯಷ್ಟೇ ಅಲ್ಲ, ಜಯಶ್ರೀಯ ಅಪ್ಪನ ಖಾಸಾ ಅಕ್ಕ; ಅದೇ ತಂಬಾಕಿನ ಹೊಲದಿಂದ ಬಂದವಳು. ಮುದುಕಿ ಉಳಿದ ಎರಡು ಗಿಡದ ಮೊಗ್ಗನ್ನು ಟಕ್ ಟಕ್ ಎಂದು ಚಿವುಟಿ, ಅಂಟನ್ನು ಸೀರೆಗೆ ಒರೆಸಿಕೊಂಡಳು.

"ಅತ್ತೀ! ಏನ್ ಮಾಡಾಕತ್ತೀರಿ?"

"ಸುಮ್ನಿರ, ಒದರಬ್ಯಾಡ. ಅಂವ ತಿನ್ನಾಕಂತ ನೆಟ್ಟಾನ. ನಿನಗ ಅಂಜಿ ಹೂವು ಅಂತಾನ. ಅಂಗಡಿ ಪಾಕೀಟು ತಿಂದು ಸಾಯೂದಕ್ಕಿಂತ ಮನಿ ಎಲಿ ಚೊಲೊ ಅಲ್ಲೇನು? ಕುಡಿ ಮುರಿದ್ರ ನಾಕು ಎಲಿ ಗಟ್ಟಿ ಆಕ್ಕಾವು."

ಹಿಂದಿನ ಬಾಗಿಲಲ್ಲಿ ಹೊಳಬಸಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಈಗ ಸಿಡಿಯುತ್ತಾನೆ ಎಂದು ಜಯಶ್ರೀ ಸೆರಗು ಬಿಗಿಹಿಡಿದಳು. ಅವನು ಹೊಸ್ತಿಲ ಮೇಲೆ ಕುಕ್ಕರಿಸಿದ.

"ಕರೆಂಟು ಕೊಟ್ಟಾಗಿಂದ ನನ್ನ ನಾಲಿಗಿಗೆ ಯಾ ರುಚಿನೂ ಹತ್ತವಲ್ದು" ಎಂದ. "ಸಕ್ಕರಿನೂ ಒಂದ, ಮಣ್ಣೂ ಒಂದ. ಮೂಗೊಂದು ಉಳದೈತಿ. ಸಂಜಿಮುಂದ ಒಂದೀಟು ಘಮ ಬರಲಿ ಅಂತ ತಂದಿದ್ದೆ. ಖರೇನ ಹೂವಿಗಂತ ತಂದಿದ್ದೆ."

ಜಯಶ್ರೀಗೆ ಅಳು ಉಕ್ಕಿತು, ಸಿಟ್ಟೂ ಬಂತು.

"ಸುಳ್ಳ ಹೇಳಬ್ಯಾಡ್ರಿ. ಮೊನ್ನಿ ಅಮಾಸಿಗೆ ಹೋಳಗಿ ಚೊಲೊ ಆಗ್ಯಾವು ಅಂತ ಎರಡೆರಡು ಸಲ ಹಾಕಿಸ್ಕೊಂಡು ಉಂಡ್ರಲ್ಲ?"

"ನೀ ನಿಂತು ನನ್ನ ಮಾರಿ ನೋಡಾಕತ್ತಿದ್ದೆಲ್ಲ" ಎಂದ ಹೊಳಬಸಪ್ಪ.