ಚಾಪೆಯಡಿಯ ಮಾರ್ಬಲ್

ಪಂಚಾಯತಿನ ಸರ್ವೆಯವರು ನಾಳೆ ಬರುತ್ತಾರೆಂದು ತಿಳಿದದ್ದೇ ತಡ, ದುಬೈಯಿಂದ ಗಂಡ ಯತಿನನ ಫೋನು ಬಂತು.

"ಇಗೋ ಹರಿಣಾಕ್ಷಿ, ಮಾರ್ಬಲ್ ಕಂಡರೆ ಮನೆ ತೆರಿಗೆ ಏರಿಸ್ತಾರೆ. ಚಾಪೆ ಹಾಸು. ಸೋಫಾ, ಶೋಕೇಸು, ಗಾಜಿನ ಮೇಜು ಎಲ್ಲ ಒಳಗೆ ಹಾಕು. ನೋಡಿದವರಿಗೆ ಪಾಪದವರು ಅಂತ ಕಾಣಬೇಕು."

"ನಾನೊಬ್ಬಳೇ ಸೋಫಾ ಎತ್ತುವುದು ಹೇಗೆ?"

"ನೆರೆಕರೆಯವರನ್ನು ಕರಿ ಮಾರಾಯ್ತಿ."

ಹರಿಣಾಕ್ಷಿ ಫೋನು ಇಟ್ಟಳು. ಉಪ್ಪಳದ ಈ ಹೊಸ ಮನೆ ಪೂಜೆ ಮಾಡಿಸಿ ಒಕ್ಕಲಾಗಿ ಎರಡು ವರ್ಷ. ಒಕ್ಕಲಿನ ದಿನ ನೆರೆಕರೆಯವರು ಹೊಳೆಯುವ ನೆಲದ ಮೇಲೆ ಅಂಜುತ್ತಾ ಕಾಲಿಟ್ಟಿದ್ದರು. ಆಮೇಲೆ ಎಂತ ಇದ್ದರೂ ಗೇಟಿನ ಹತ್ತಿರವೇ ನಿಂತು ಮಾತಾಡಿ ಹೋಗುತ್ತಾರೆ. ಆರು ಜನ ಕೂರುವ ಸೋಫಾದಲ್ಲಿ ಒಂದು ಮೂಲೆ ಮಾತ್ರ ತಗ್ಗಾಗಿದೆ.

ಅದರ ಕಾಲಡಿಗೆ ಹಳೆ ಸೀರೆ ತುರುಕಿ, ಒಬ್ಬಳೇ ಎಳೆದು ಕೋಣೆಗೆ ಸೇರಿಸಿದಳು. ಉಳಿದ ಸಾಮಾನನ್ನೂ ಒಳಗೆ ಪೇರಿಸಿ ಚಾವಡಿಯ ನೆಲಕ್ಕೆಲ್ಲ ಚಾಪೆ ಹಾಸಿದಳು.

ಬೆಳಿಗ್ಗೆ ಸರ್ವೆಗೆಂದು ಅಳತೆಪಟ್ಟಿ ಹಿಡಿದು ಬಂದವಳು ದೇವಕಿ. ಹಳೆ ಮನೆಯ ಜಗಲಿಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಬೀಡಿ ಕಟ್ಟುತ್ತಿದ್ದವರು. ಚಾವಡಿಗೆ ಕಾಲಿಟ್ಟವಳು ಅಲ್ಲೇ ನಿಂತಳು.

"ಅಕ್ಕಾ, ಸಾಮಾನೆಲ್ಲ ಎಲ್ಲಿ? ಮಾರಿದಿರಾ? ಯತಿನಣ್ಣನ ಕೆಲಸ ಹೋಯ್ತಾ?"

ಹರಿಣಾಕ್ಷಿ ತಲೆ ತಗ್ಗಿಸಿ ಚಾಪೆಯ ಅಂಚು ಸರಿಮಾಡಿದಳು. ಅದನ್ನೇ ದೇವಕಿ ಹೌದೆಂದುಕೊಂಡಳು. ಅಳತೆಪಟ್ಟಿ ಕೆಳಗಿಟ್ಟು, ಚಾಪೆಯ ಮೇಲೆ ಕೂತು, ಇವಳ ಕೈಹಿಡಿದು ಕೂರಿಸಿದಳು.

"ಒಂದು ಮಾತು ಹೇಳಬಾರದಿತ್ತಾ? ನಾನೆಂತ ಹೊರಗಿನವಳಾ? ತಿಂಡಿಯಾದರೂ ತಿಂದಿದ್ದೀರಾ ಇಲ್ವಾ?"

ತಿಂದೆಯಾ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಯಿತೋ. ಹರಿಣಾಕ್ಷಿಗೆ ಅಳು ಬಂತು, ನಿಜವಾದ ಅಳು. ಚಹಾ ಮಾಡಿ ತಂದಳು. ಮೊರದಂಥ ಬೀಡಿಯ ಸೂಪು ಮಡಿಲಲ್ಲಿಟ್ಟು ಕೂತ ದಿನಗಳಂತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಇಬ್ಬರೂ ಕುಡಿದರು. ದೇವಕಿ ತನ್ನ ಮಗಳು ಪೂಜಾಶ್ರೀಯ ಹಟ ಹೇಳಿ ನಗಿಸಿದಳು.

ಲೋಟ ಕೆಳಗಿಟ್ಟು, ಸರ್ವೆಯ ಫಾರಮು ತುಂಬಲು ಮೊಬೈಲು ತೆಗೆದವಳು ದನಿ ತಗ್ಗಿಸಿದಳು. "ಒಕ್ಕಲಿಗೆ ಬಂದವಳು ನಾನು, ಕೆಳಗೆ ಮಾರ್ಬಲ್ ಅಂತ ಗೊತ್ತುಂಟು. ಆದರೂ ಸಿಮೆಂಟು ಅಂತ ಹಾಕ್ತೇನೆ. ಮೇಲಿನವರು ನೋಡಿದರೆ ನನ್ನನ್ನು ಕೆಲಸದಿಂದ ತೆಗೀತಾರೆ, ತೆಗೀಲಿ. ಸಂಜೆ ಬರ್ತೇನೆ, ಗಂಜಿ ಒಟ್ಟಿಗೆ ಉಣ್ಣುವ."

ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ತೆರಿಗೆ ಏರುವುದಿಲ್ಲ, ಸಂಜೆ ದೇವಕಿ ಬರುತ್ತಾಳೆ. ಹರಿಣಾಕ್ಷಿ ಅವಳ ಸವೆದ ಬೆರಳುಗಳನ್ನು ನೋಡಿದಳು. ಎದ್ದುಹೋಗಿ ಕೋಣೆಯ ಬಾಗಿಲು ತೆರೆದಳು.

"ಕೆಲಸ ಹೋಗ್ಲಿಲ್ಲ ದೇವಕಿ. ತೆರಿಗೆಗೆ ಹೆದರಿ ಅಡಗಿಸಿದ್ದು. ಮಾರ್ಬಲ್ ಅಂತಲೇ ಬರಿ."

ಒಂದರ ಮೇಲೊಂದು ಪೇರಿಸಿದ ಸಾಮಾನನ್ನು ದೇವಕಿ ಬಾಗಿಲಿಗೆ ಬಂದು ನೋಡಿದಳು.

"ಸೋಫಾಕ್ಕೆಂತ ತೆರಿಗೆ? ಫಾರಮಿನಲ್ಲಿ ನೆಲ ಮಾತ್ರ ಕೇಳುವುದು," ಎಂದಳು. ನಗಲಿಲ್ಲ.

ಹೊರಗಿನಿಂದ ಗೋಡೆ ಅಳೆದಳು. ಮಾರ್ಬಲ್ ಎಂದು ತುಂಬಿ, ಮೊಬೈಲು ಚಾಚಿ, "ಇಲ್ಲಿ ಸೈನ್ ಹಾಕಿ," ಎಂದಳು. ಅಕ್ಕಾ ಎನ್ನಲಿಲ್ಲ.

"ಸಂಜೆ ಬರ್ತೀಯಾ?"

"ಇನ್ನೂ ಹದಿನಾಲ್ಕು ಮನೆ ಬಾಕಿ ಉಂಟು."

ಗೇಟು ಹಾಕಿದ ಸದ್ದಾಯಿತು. ಒಳಗೆ ಯತಿನನ ಕರೆ ಬಂದು ಫೋನು ಬಡಿದುಕೊಳ್ಳುತ್ತಿತ್ತು. ಹರಿಣಾಕ್ಷಿ ಅದನ್ನು ಎತ್ತದೆ ಚಹಾದ ಲೋಟಗಳನ್ನು ನಲ್ಲಿಯಡಿಗೆ ಒಯ್ದಳು. ಎಷ್ಟೋ ದಿನಗಳ ಮೇಲೆ ತೊಳೆಯಲು ಎರಡು ಲೋಟಗಳಿದ್ದವು.